ಉತ್ತರ ಹೇಳದ ಉಸ್ತಾದರು

ಹೆಣ್ಣುಮಕ್ಕಳಿಗೆ ಶಾಲೆಯಲ್ಲಿಯೇ ಆತ್ಮರಕ್ಷಣೆಯ ವಿದ್ಯೆಯನ್ನು ಕಲಿಸಬೇಕೆಂಬ ಮಾತಿಗೆ ಈಗ ಎದುರು ಹೇಳುವವರು ಯಾರೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯವರೆಗಿನ ಬಾಲಕಿಯರಿಗೆಂದು ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ 3 ತಿಂಗಳ ತರಬೇತಿಯನ್ನು ರೂಪಿಸಲಾಯಿತು. ನಮ್ಮ ರಾಜ್ಯದಲ್ಲಿ ವಸತಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗಾಗಿ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಇನ್ನೊಂದು ತರಬೇತಿ ಆರಂಭವಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಹಣ ಖರ್ಚು ಮಾಡಿದ ಸರಕಾರವನ್ನಾಗಲಿ, ಬಿಸಿಲಿನಲ್ಲಿ ನಿಂತು ಕಲಿಸುವ ತರಬೇತುದಾರರನ್ನಾಗಲಿ ನಾನು ಹಳಿಯುವುದಿಲ್ಲ. ನನ್ನ ತಕರಾರು ಇರುವುದು ಕಲಿಸುವ ಕ್ರಮದ ಬಗ್ಗೆ ಮಾತ್ರ. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸುತ್ತ ಆಯುಷ್ಯ ಕಳೆದವನಿಗೆ ಇಂಥ ತಕರಾರು ಮಾಡುವ ಚಟ ಇದ್ದೇ ಇರುತ್ತದೆಂದು ಓದುಗರು ಕ್ಷಮಿಸಬೇಕು.

ಕಳೆದ ಗ್ಯಾದರಿಂಗಿನಲ್ಲಿ ನನ್ನ ಮೊಮ್ಮಗಳ ಶಾಲೆಯವರು ಕರಾಟೆಯ ಪ್ರದರ್ಶನವೊಂದನ್ನು ಇಟ್ಟಿದ್ದರು. ನಲವತ್ತು ಹುಡುಗಿಯರು, ಬಿಳಿಯ ಉಡುಪು, ನಡುವಿಗೆ ಹಳದಿ ಬೆಲ್ಟು. ತರಬೇತುದಾರರು ಜಪಾನೀ ಭಾಷೆಯಲ್ಲಿ ‘ಇಚಿ, ನಿ, ಸಾನ್’ ಎಂದು ಎಣಿಸಿದಂತೆ ನಲವತ್ತು ಕೈಗಳು ಒಮ್ಮೆಗೇ ಮುಂದೆ ಬರುತ್ತಿದ್ದವು, ಒಮ್ಮೆಗೇ ಹಿಂದೆ ಹೋಗುತ್ತಿದ್ದವು. ಪಾಲಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕಣ್ಣಿಗೆ ಹಬ್ಬವೇ ಸರಿ.

ಮರುದಿನ ರವಿವಾರ. ಇಬ್ರಾಹಿಂಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಮೊಮ್ಮಗಳು ಮತ್ತು ಆಕೆಯ ಗೆಳತಿ ಕುಳಿತಿದ್ದರು. ಮುಂಗೈಯನ್ನು ಯಾರಾದರೂ ಹಿಡಿದರೆ ಬಿಡಿಸಿಕೊಳ್ಳುವ ವರಸೆಯನ್ನು ತೋರಿಸೆಂದು ಕೇಳಿದೆ. ಗಾಳಿಯಲ್ಲಿ ಚಕಚಕನೆ ತೋರಿಸಿದಳು. “ಹಂಗಲ್ಲ ಯವ್ವಾ, ಆಕಿಗೆ ಖರೇವಂದ್ರ ಹಿಡ್ಯಾಕ ಹೇಳು” ಎಂದೆ. ಗೆಳತಿ ಹಿಡಿದಳು. ಹೊಲಮನೆಯ ಹುಡುಗಿ, ಹಿಡಿತ ಗಟ್ಟಿಯಾಗಿತ್ತು. ಮೊಮ್ಮಗಳು ವರಸೆ ಮಾಡಿದಳು, ಕೈ ಬರಲಿಲ್ಲ. ಇನ್ನೊಮ್ಮೆ ಮಾಡಿದಳು, ಆಗಲೂ ಬರಲಿಲ್ಲ. ಮೋರೆ ಕೆಂಪಗಾಯಿತು. “ಮುತ್ಯಾ, ಈಕಿ ಹಿಡ್ಯೂದs ತಪ್ಪದ. ಕ್ಲಾಸಿನ್ಯಾಗ ಯಾರೂ ಇಷ್ಟ ಬಿಗಿ ಹಿಡ್ಯಂಗಿಲ್ಲ” ಎಂದು ದೂರಿದಳು.

ಈ ಮಾತನ್ನು ಕೇಳಿ ನನಗೆ ನಗು ಬಂದಿತು, ಒಳಗೊಳಗೇ ಭಯವೂ ಆಯಿತು. ಹೇಗೆ ಹಿಡಿಯಬೇಕೆಂಬ ನಿಯಮವನ್ನು ಕೆಟ್ಟ ಮಂದಿಗೆ ಯಾವ ತರಬೇತುದಾರರು ಹೇಳಿಕೊಟ್ಟಿರುತ್ತಾರೆ?

ನಾನು ಉತ್ತರ ಹೇಳಲಿಲ್ಲ. ಬಿಡಿಸಿಕೊಳ್ಳುವವರೆಗೆ ಬಿಡಬೇಡವೆಂದು ಗೆಳತಿಗೆ ಹೇಳಿ ಪೇಪರು ಬಿಚ್ಚಿಕೊಂಡು ಕುಳಿತೆ. ಇಬ್ಬರೂ ಜಗ್ಗಾಡಿದರು, ನಕ್ಕರು, ಸಿಟ್ಟಾದರು. ಮೊಮ್ಮಗಳು ನೆಟ್ಟಗೆ ಹಿಂದಕ್ಕೆ ಜಗ್ಗಿದಳು, ಮೇಲಕ್ಕೆತ್ತಿದಳು, ತಿರುವಿದಳು. ಹತ್ತು ಹದಿನೈದು ನಿಮಿಷ ಕಳೆದಿರಬೇಕು. ಒಮ್ಮೆಲೆ ಕೈ ಹೊರಬಂದಿತು. ಹೇಗೆ ಬಂದಿತೆಂಬುದು ಆಕೆಗೇ ತಿಳಿಯದೆ ಮತ್ತೆ ಹಿಡಿಯಲು ಹೇಳಿದಳು. ಮೂರನೆಯ ಸಲಕ್ಕೆ ಕೂಗಿದಳು: “ಮುತ್ಯಾ, ನಾಕು ಬಟ್ಟಿನ ಕಡೆ ಜಗ್ಗಿದ್ರ ಬರೂದಿಲ್ಲ, ಹೆಬ್ಬಟ್ಟಿನ ಕಡೆ ತಿರುವಿ ಜಗ್ಗಿದ್ರ ಬರ್ತದ!” ಒಂದು ಕ್ಷಣ ಬಿಟ್ಟು ಮೆಲ್ಲಗೆ ಅಂದಳು: “ನಮ್ಮ ಸರ್ ಹೇಳಿದ್ದ ನಾಕನೇ ವರಸೀನೂ ಇದs ಅಲ್ಲ?”

ಇದೇ ಆಗಿತ್ತು. ತರಬೇತುದಾರರು ಸರಿಯಾದುದನ್ನೇ ಕಲಿಸಿದ್ದರು. ಆಕೆ ಅದನ್ನು ನೂರಾರು ಸಲ ಮಾಡಿದ್ದಳು, ವೇದಿಕೆಯ ಮೇಲೂ ಮಾಡಿ ಚಪ್ಪಾಳೆ ಗಿಟ್ಟಿಸಿದ್ದಳು. ಆದರೆ ಅದು ಹಿಡಿತದ ಬಾಯಿ ಯಾವ ಕಡೆಗಿದೆ ಎಂಬ ಪ್ರಶ್ನೆಗೆ ಉತ್ತರವೆಂಬುದು ಅಂದಿನವರೆಗೆ ಆಕೆಗೆ ಗೊತ್ತಿರಲಿಲ್ಲ, ಏಕೆಂದರೆ ಆ ಪ್ರಶ್ನೆಯೇ ಆಕೆಯ ಕೈಗೆ ಬಂದಿರಲಿಲ್ಲ. ಉತ್ತರವನ್ನು ಮೊದಲು ಕೊಟ್ಟು ಪ್ರಶ್ನೆಯನ್ನು ಎಂದೂ ಕೊಡದಿರುವ ಈ ಕ್ರಮ ನಮ್ಮ ಎಲ್ಲ ವಿಷಯಗಳಲ್ಲೂ ಉಂಟು. ಬೀಜಗಣಿತದಲ್ಲಿ ಅದರಿಂದ ಆಗುವ ನಷ್ಟ ಕೆಲವು ಅಂಕಗಳಷ್ಟೇ. ಆತ್ಮರಕ್ಷಣೆಯಲ್ಲಿ ಲೆಕ್ಕ ಬೇರೆ. ತನಗೆ ಬರುತ್ತದೆಂದು ನಂಬಿ ಧೈರ್ಯದಿಂದ ಹೋದ ಹುಡುಗಿಯ ಕೈ ಹೊತ್ತಿಗೆ ಬಿಡಿಸಿಕೊಳ್ಳದಿದ್ದರೆ ಆ ಧೈರ್ಯವೇ ಅಪಾಯಕಾರಿ.

ನನಗೆ ಈ ವಿಚಾರ ಹೊಳೆದದ್ದು ಪುಸ್ತಕದಿಂದಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ನಾನು ತಾಲೀಮಿಗೆ ಹೋದವನು. ದಕ್ಷಿಣದವರು ಗರಡಿಮನೆ ಎಂದು ಕರೆಯುವುದನ್ನು ನಮ್ಮ ಕಡೆಯವರು ತಾಲೀಮು ಎನ್ನುತ್ತಾರೆ. ತಾಲೀಮು ಎಂಬುದು ಅರಬ್ಬಿಯಿಂದ ಬಂದ ಶಬ್ದ. ಅದರ ಅರ್ಥವೇ ಶಿಕ್ಷಣ. ಉಸ್ತಾದ ಎಂಬುದು ಪಾರಸಿ. ಅದರ ಅರ್ಥ ಗುರು. ಒಳಗೆ ಹನುಮಪ್ಪನ ಪಟ, ಹೊರಗೆ ಅರಬ್ಬಿಯ ಹೆಸರು. ಆದಿಲಶಾಹಿಗಳು ಆಳಿದ ಈ ಊರಿನಲ್ಲಿ ಅದನ್ನು ಯಾರೂ ವಿಚಿತ್ರವೆಂದು ಎಣಿಸುತ್ತಿರಲಿಲ್ಲ. ನಮ್ಮದು ಎರೆಭೂಮಿ. ಒಣಗಿದರೆ ಕಲ್ಲಿನಂಥ ಹೆಂಟೆ, ನೆನೆದರೆ ಕಾಲಿಗೆ ಅಂಟುವ ರಾಡಿ. ಆದ್ದರಿಂದ ಕುಸ್ತಿಯ ಕೆಂಪು ಮಣ್ಣನ್ನು ಬೇರೆ ಕಡೆಯಿಂದ ತರಿಸಿ, ಸೋಸಿ, ಎಣ್ಣೆ, ಮಜ್ಜಿಗೆ, ಲಿಂಬೆಯ ರಸ, ಅರಿಷಿಣ ಬೆರೆಸಿ ಹದ ಮಾಡುತ್ತಿದ್ದರು. ಸಾಮು ತೆಗೆಯುವ ಮೊದಲು ಆ ಮಣ್ಣನ್ನು ಸಲಿಕೆಯಿಂದ ಕೆದರುವುದು ಹೊಸ ಹುಡುಗರ ಪಾಲಿನ ಕೆಲಸ.

ಉಸ್ತಾದರು ಹಗಲು ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ಮಾತೂ ಕಡಿಮೆ. ಮಣ್ಣಿನಲ್ಲಿ ಯಾರಾದರೂ ಚಿತ್ ಆಗಿ ಬಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಯಾಕ ಬಿದ್ದಿ?”

“ಅಂವ ನನಗಿಂತ ದೊಡ್ಡಾಂವ ಅದಾನ್ರಿ ಉಸ್ತಾದ್ರ.”

“ಅಂವ ದೊಡ್ಡಾಂವ ಅನ್ನೂದು ಬೀಳೂಕಿಂತ ಮೊದಲs ಗೊತ್ತಿತ್ತು. ಬಿದ್ದ ಮ್ಯಾಲೆ ಹೊಸಾದೇನು ಗೊತ್ತಾತು?”

ಹೊಸದೇನೂ ಗೊತ್ತಾಗಿಲ್ಲವಾದರೆ ಮತ್ತೆ ಅವನ ಜೊತೆಗೇ ಹಿಡಿಯಬೇಕು. ಒಮ್ಮೆ ನನ್ನನ್ನು ನನಗಿಂತ ಗಿಡ್ಡನಾದ ಹುಡುಗನೊಬ್ಬನಿಗೆ ಜೋಡಿ ಹಚ್ಚಿದರು. ಅವನು ಗುಬ್ಬಿಯಂತೆ ಒಳಗೆ ನುಗ್ಗಿ ಕಾಲಿಗೇ ಕೈ ಹಾಕುವವನು. ಒಂದು ವಾರ ಬಿದ್ದೆ. ಎಂಟನೆಯ ದಿನ ನನಗೆ ತಿಳಿಯಿತು: ನಾನು ನೆಟ್ಟಗೆ ನಿಲ್ಲುತ್ತಿದ್ದೆ, ದೇಹದ ಭಾರವೆಲ್ಲ ಹಿಮ್ಮಡಿಯ ಮೇಲೆ ಇರುತ್ತಿತ್ತು, ಅವನು ಮುಟ್ಟುವುದಕ್ಕೂ ಮೊದಲೇ ನಾನು ಅರ್ಧ ಬಿದ್ದಿರುತ್ತಿದ್ದೆ. ನಡು ಬಗ್ಗಿಸಿ ಭಾರವನ್ನು ಮುಂಗಾಲಿಗೆ ತಂದೆ, ಅಂದು ಬೀಳಲಿಲ್ಲ. ಉಸ್ತಾದರು ‘ಹಾಂ’ ಎಂದರು. ನಾನು ಉಬ್ಬಿಹೋದೆ. ಮರುದಿನ ಅವರು ನನ್ನ ಜೋಡಿಯನ್ನು ಬದಲಿಸಿ, ಎತ್ತರದ ಹುಡುಗನೊಬ್ಬನನ್ನು ತಂದು ನಿಲ್ಲಿಸಿದರು. ಅವನದು ಕುತ್ತಿಗೆಯ ಹಿಂದೆ ಕೈಯಿಟ್ಟು ಮುಂದಕ್ಕೆ ಜಗ್ಗುವ ಪಟ್ಟು. ನಿನ್ನೆ ಕಂಡುಕೊಂಡ ನಿಲುವಿನಿಂದಲೇ ಇಂದು ಮೋರೆ ಅಡಿಯಾಗಿ ಮಣ್ಣು ತಿಂದೆ.

ಆ ಎರಡನೆಯ ಜೋಡಿಯಲ್ಲಿಯೇ ಉಸ್ತಾದರ ವಿದ್ಯೆಯೆಲ್ಲ ಇತ್ತೆಂದು ಈಗ ಅನಿಸುತ್ತದೆ. ಸರಿಯಾದ ನಿಲುವೆಂಬುದು ಒಂದೇ ಇಲ್ಲ, ಎದುರಿನವನ ಬಲ ಯಾವ ಕಡೆಗಿದೆ ಎಂಬುದನ್ನು ಕಾಲು ಕೇಳಿಸಿಕೊಳ್ಳಬೇಕು ಎಂಬುದನ್ನು ಅವರು ಬಾಯಿಂದ ಹೇಳಿದ್ದರೆ ನಾನು ತಲೆಯಾಡಿಸಿ ಮರೆತುಬಿಡುತ್ತಿದ್ದೆ. ಅವರು ಪ್ರಶ್ನೆಯನ್ನು ಆರಿಸಿ ಕೊಡುತ್ತಿದ್ದರು, ಉತ್ತರವನ್ನು ಮಾತ್ರ ಕೊಡುತ್ತಿರಲಿಲ್ಲ. ಸ್ವಂತ ಶೋಧನೆಯಿಂದ ಕಲಿಯುವುದೆಂದರೆ ಗುರುವಿಲ್ಲದೆ ಕಲಿಯುವುದೆಂದು ತಿಳಿಯುವವರಿದ್ದಾರೆ. ಹಾಗಲ್ಲ. ಯಾರಿಗೆ ಯಾರನ್ನು, ಯಾವ ದಿನ, ಎಷ್ಟು ಹೊತ್ತು ಜೋಡಿ ಹಚ್ಚಬೇಕೆಂಬುದನ್ನು ಬಲ್ಲ ಗುರು ಸುಮ್ಮನಿದ್ದಾಗಲೂ ಕಲಿಸುತ್ತಿರುತ್ತಾನೆ.

ಎಲ್ಲದರಲ್ಲೂ ಅವರು ಸುಮ್ಮನಿರುತ್ತಿದ್ದರೆಂದಲ್ಲ. ಉಗುರು ಕತ್ತರಿಸಿರಬೇಕು, ಬೆರಳು ಮುರಿಯಬಾರದು, ಕುತ್ತಿಗೆಯ ಮೇಲೆ ಭಾರ ಹಾಕಬಾರದು, ಬೀಳುವಾಗ ಗದ್ದವನ್ನು ಎದೆಗೆ ಒತ್ತಬೇಕು, ಎದುರಿನವನು ಸಾಕೆಂದು ತಟ್ಟಿದರೆ ಆ ಕ್ಷಣವೇ ಬಿಡಬೇಕು. ಇವುಗಳಲ್ಲಿ ಶೋಧನೆಗೆ ಅವಕಾಶವೇ ಇರಲಿಲ್ಲ. ತಪ್ಪಿದವನ ಬೆನ್ನಿಗೆ ಬಡಿಗೆಯ ಪೆಟ್ಟು ಬೀಳುತ್ತಿತ್ತು. ಒಮ್ಮೆ ತಪ್ಪಿದರೆ ತಿದ್ದಿಕೊಳ್ಳಲು ಆಗದಂಥದ್ದನ್ನು ಹೇಳಿಯೇ ಕೊಡಬೇಕು. ಬಿದ್ದು ಏಳಬಹುದಾದದ್ದನ್ನು ಬಿದ್ದೇ ಕಲಿಯಲು ಬಿಡಬಹುದು. ಬಡಿಗೆಯನ್ನು ನಾನು ಸಮರ್ಥಿಸುವುದಿಲ್ಲ. ಈ ವಿಂಗಡಣೆಯನ್ನು ಸಮರ್ಥಿಸುತ್ತೇನೆ.

ಮುಂದೆ ಬಿ.ಎಡ್. ಓದುವಾಗ ಇದೇ ವಿಚಾರ ಇಂಗ್ಲೆಂಡಿನ ಉಡುಪು ತೊಟ್ಟು ಬಂದಿತು. ಲಂಡನ್ನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್ಮ್‌ಸ್ಟ್ರಾಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಚುರಪಡಿಸಿದ ಹ್ಯೂರಿಸ್ಟಿಕ್ ಪದ್ಧತಿ. ‘ಕಂಡುಕೊಂಡೆ’ ಎಂದು ಕೂಗುತ್ತ ಆರ್ಕಿಮಿಡೀಸ್ ಬೀದಿಯಲ್ಲಿ ಓಡಿದನೆಂಬ ಕಥೆಯಲ್ಲಿ ಬರುವ ಗ್ರೀಕ್ ಮಾತೇ ಈ ಹೆಸರಿಗೂ ಮೂಲ. ಮಗುವಿಗೆ ಆದಷ್ಟು ಕಡಿಮೆ ಹೇಳಬೇಕು, ಅದು ತಾನಾಗಿಯೇ ಕಂಡುಕೊಳ್ಳುವಂತೆ ಮಾಡಬೇಕು ಎಂಬುದು ಅದರ ತಿರುಳು. ಆದರೆ ಈ ಪದ್ಧತಿಯನ್ನು ನಮಗೆ ಉಕ್ತಲೇಖನದಂತೆ ಬರೆಸಲಾಯಿತು! ಗುಣಗಳು ಇಷ್ಟು, ದೋಷಗಳು ಇಷ್ಟು; ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸಿದೆವು. ದೋಷಗಳ ಪಟ್ಟಿಯಲ್ಲಿ ಮೊದಲನೆಯದು: ‘ಈ ಪದ್ಧತಿಯಲ್ಲಿ ಸಮಯ ಬಹಳ ಬೇಕಾಗುತ್ತದೆ.’ ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಮಾಸ್ತರಿಕೆ ಮಾಡಿದ ನಮಗೆಲ್ಲ ಈ ಒಂದು ದೋಷ ಚೆನ್ನಾಗಿ ನೆನಪುಳಿಯಿತು.

ತರಗತಿಗೂ ತಾಲೀಮಿಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಬಾರದು. ಹುಡುಗ ಲೆಕ್ಕ ತಪ್ಪಿದರೆ ತಪ್ಪೆಂದು ಹೇಳಲು ಮಾಸ್ತರರ ಕೆಂಪು ಮಸಿ ಬೇಕು, ಅದು ನಾಳೆಯೋ ನಾಡಿದ್ದೋ ಬರುತ್ತದೆ. ತಾಲೀಮಿನಲ್ಲಿ ತಪ್ಪು ಉತ್ತರವನ್ನು ನೆಲವೇ ತಿದ್ದುತ್ತದೆ, ಅದೂ ಆ ಕ್ಷಣದಲ್ಲಿ. ಅಲ್ಲಿ ಗುರುವಿಗೆ ಸುಮ್ಮನಿರಲು ಸಾಧ್ಯವಾಗುವುದೇ ಈ ಕಾರಣದಿಂದ. ಎದುರಿನವನು ಬಲ ಹಾಕದಿದ್ದರೆ, ಎಂದರೆ ಮೊಮ್ಮಗಳ ಕ್ಲಾಸಿನಂತೆ ಹಗುರಾಗಿ ಹಿಡಿದು ಬಿಟ್ಟುಬಿಟ್ಟರೆ, ತಿದ್ದುವವರೇ ಇಲ್ಲದ ಪರೀಕ್ಷೆಯಾಗುತ್ತದೆ, ಎಲ್ಲರೂ ಪಾಸು.

ನಮ್ಮ ನೆಲಕ್ಕೆ ಈ ತಿಳಿವಳಿಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಜಟ್ಟಿಗಳ ವರ್ಗ, ಆಹಾರ, ಅಭ್ಯಾಸಗಳೆಲ್ಲ ಅಲ್ಲಿ ಬರುತ್ತವೆ. ಅಭ್ಯಾಸಗಳಿಗೆ ಶ್ರಮ ಎಂಬ ಹೆಸರು: ಭಾರ ಎತ್ತುವ ಭಾರಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬ ಹತ್ತಿ ಮಾಡುವ ಸ್ತಂಭಶ್ರಮ. ಈ ಕೊನೆಯದನ್ನು ಇಂದಿನ ಮಲ್ಲಕಂಬದ ಹಿರಿಯನೆಂದು ಬಲ್ಲವರು ಹೇಳುತ್ತಾರೆ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಭಾರ, ನೀರು, ಕಂಬ ಇವೆಲ್ಲ ಮರುಮಾತಾಡುವ ವಸ್ತುಗಳು. ಮಲ್ಲಕಂಬದ ಮೇಲೆ ತೊಡೆಯ ಹಿಡಿತ ತಪ್ಪಿತೆಂದು ಯಾರೂ ಹೇಳಬೇಕಾಗಿಲ್ಲ, ಜಾರಿದಾಗ ತಾನೇ ತಿಳಿಯುತ್ತದೆ. ಓಬವ್ವನ ವಿಷಯದಲ್ಲಿಯೂ ನನಗೆ ಹೀಗೇ ಅನಿಸಿದ್ದುಂಟು. ಆಕೆ ಯಾವ ಕ್ಲಾಸಿಗೂ ಹೋಗಿರಲಿಲ್ಲ. ಆದರೆ ಒನಕೆಯ ಭಾರ ಆಕೆಯ ಕೈಗೆ ಹೊಸದಾಗಿರಲಿಲ್ಲ.

ಮಣ್ಣಿನಲ್ಲಿ ಕಲಿತದ್ದು ಮಣ್ಣಿನಲ್ಲಿಯೇ ಉಳಿಯುತ್ತದಲ್ಲವೇ ಎಂದು ಕೇಳಬಹುದು. ಸಾತಾರಾ ಜಿಲ್ಲೆಯ ಖಾಶಾಬಾ ಜಾಧವರನ್ನು ನೆನೆಯಿರಿ. ಮಣ್ಣಿನ ಕುಸ್ತಿಯಲ್ಲಿ ಬೆಳೆದ ಅವರು ಮ್ಯಾಟಿನ ರೂಢಿ ಅಷ್ಟಾಗಿ ಇಲ್ಲದಿದ್ದರೂ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ವ್ಯಕ್ತಿಯೊಬ್ಬರಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ನೆಲ ಬದಲಾಯಿತು, ನಿಯಮ ಬದಲಾಯಿತು; ಎದುರಿನವನ ಭಾರವನ್ನು ಅರಿಯುವ ದೇಹ ಅದೇ ಇತ್ತು.

ಹಾಗಾದರೆ ಈ ಸಾಲು, ಈ ಎಣಿಕೆ, ಈ ಬೆಲ್ಟುಗಳು ಜಪಾನಿನಿಂದ ಬಂದ ದೋಷವೇ? ಹಾಗೆಂದು ನಾನೂ ತಿಳಿದಿದ್ದೆ. ಓದಿ ನೋಡಿದಾಗ ಕಂಡದ್ದು ನಮ್ಮ ವೃತ್ತಿಗೆ ಸಂಬಂಧಿಸಿದ ಕಥೆ. ಕರಾಟೆಯ ತವರು ಓಕಿನಾವಾ ದ್ವೀಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇತೊಸು ಅಂಕೊ ಎಂಬ ಹಿರಿಯರು ಅದನ್ನು ಅಲ್ಲಿನ ಶಾಲೆಗಳಿಗೆ ತಂದರು. ಒಬ್ಬಿಬ್ಬರು ಶಿಷ್ಯರಿಗೆ ಕಲಿಸುತ್ತಿದ್ದುದನ್ನು ಒಂದು ತರಗತಿಗೆ ಕಲಿಸಬೇಕಾಯಿತು. ವರಸೆಗಳನ್ನು ಸುಲಭಗೊಳಿಸಿ, ಅಪಾಯದ ಅಂಶಗಳನ್ನು ಬದಿಗಿರಿಸಿ, ಸಾಲಿನಲ್ಲಿ ಎಣಿಕೆಗೆ ತಕ್ಕಂತೆ ಮಾಡುವ ರೂಪ ಬಂದಿತು. 1922ರಲ್ಲಿ ಅದನ್ನು ಟೋಕಿಯೋಗೆ ಒಯ್ದ ಫುನಾಕೋಶಿಯವರೂ ಶಾಲಾ ಮಾಸ್ತರರೇ. ಶಾಲೆಯ ಬಾಗಿಲೊಳಗೆ ಬಂದ ವಿದ್ಯೆ ಡ್ರಿಲ್ ಆಗುವುದು ಬಿಜಾಪುರದಲ್ಲಿ ಮಾತ್ರ ನಡೆದದ್ದಲ್ಲ!

ಅದೇ ಜಪಾನಿನಲ್ಲಿ ಇನ್ನೊಬ್ಬ ಮಾಸ್ತರರು ಬೇರೆ ದಾರಿ ಹಿಡಿದರು. 1882ರಲ್ಲಿ ಜೂಡೋವನ್ನು ಆರಂಭಿಸಿದ ಕಾನೋ ಜಿಗೋರೋ ಮುಂದೆ ಟೋಕಿಯೋದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಚಾರ್ಯರಾಗಿದ್ದವರು. ಅವರು ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಕ್ರಮಬದ್ಧ ವರಸೆಗಳಲ್ಲಿ ಮಾತ್ರ ಉಳಿಸಿಕೊಂಡು, ದಿನನಿತ್ಯದ ಮುಕ್ತ ಹಿಡಿತದಿಂದ ತೆಗೆದುಹಾಕಿದರು. ಮೆತ್ತಗಾಗಿಸಲು ಹೀಗೆ ಮಾಡಿದ್ದಲ್ಲ. ಕಣ್ಣು ಚುಚ್ಚುವ ಪಟ್ಟನ್ನು ಗೆಳೆಯನ ಮೇಲೆ ಪೂರ್ಣ ಬಲದಿಂದ ಅಭ್ಯಾಸ ಮಾಡಲು ಬರುವುದಿಲ್ಲ, ನಟಿಸಬಹುದಷ್ಟೇ. ಎತ್ತಿ ಕೆಡಹುವುದನ್ನು ಬೀಳಲು ಬಲ್ಲವನ ಮೇಲೆ ಪೂರ್ಣ ಬಲದಿಂದ ಮಾಡಬಹುದು. ಅಪಾಯವನ್ನು ತೆಗೆದುದರಿಂದಲೇ ಬಲಕ್ಕೆ ಜಾಗ ಸಿಕ್ಕಿತು. ಹಮಾಲಿ ಮಾಡುತ್ತಿದ್ದ ನನ್ನ ಉಸ್ತಾದರ ಬಡಿಗೆಯೂ ಟೋಕಿಯೋದ ಪ್ರಾಚಾರ್ಯರ ವಿಚಾರವೂ ಒಂದೇ ಕಡೆ ಬೊಟ್ಟುಮಾಡುತ್ತಿದ್ದವೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ವಿಚಾರವನ್ನು ನಿವೃತ್ತ ದೈಹಿಕ ಶಿಕ್ಷಕರಾದ ಗೆಳೆಯರೊಬ್ಬರ ಮುಂದೆ ಇಟ್ಟೆ. ಅವರು ಒಪ್ಪಲಿಲ್ಲ. “ಸರ್, ಅರವತ್ತು ಹುಡುಗ್ಯಾರು, ನಲವತ್ತು ನಿಮಿಷದ ಪಿರೇಡು, ಒಬ್ಬಾಕಿ ಕೈ ಉಳುಕಿದ್ರ ನಾಳೆ ಪಾಲಕರು ಹೆಡ್‌ಮಾಸ್ತರ್ ಮುಂದ ನಿಂದರ್ತಾರ. ನಿಮ್ಮ ಉಸ್ತಾದರಿಗೆ ಹತ್ತು ಹುಡುಗರು, ದಿನಾ ಎರಡು ತಾಸು ಇತ್ತು” ಎಂದರು. ಅವರ ಮಾತಿನಲ್ಲಿ ತೂಕವಿದೆ. ಡ್ರಿಲ್ಲಿನಿಂದ ನಾಚಿಕೆ ಹೋಗುತ್ತದೆ, ದನಿ ಏರುತ್ತದೆ, ಕೈಕಾಲು ಸಡಿಲಾಗುತ್ತವೆ ಎಂದೂ ಅವರು ಹೇಳಿದರು, ಅದೂ ನಿಜ. ನಮ್ಮ ಕಾಲದ ತಾಲೀಮನ್ನು ನಾನು ಹೊಗಳುವಾಗ ಇನ್ನೊಂದು ಮಾತನ್ನು ಅವರು ನೆನಪಿಸಿದರು: ಅಲ್ಲಿ ಹೆಣ್ಣುಮಕ್ಕಳಿಗೆ ಹೊಸ್ತಿಲ ಒಳಗೆ ಪ್ರವೇಶವೇ ಇರಲಿಲ್ಲ. ಇಂದು ಹಳಿಯಾಳದಂಥ ಊರುಗಳ ಹುಡುಗಿಯರು ಕುಸ್ತಿ ಹಿಡಿಯುತ್ತಿರುವುದು ಆ ಹಳೆಯ ಹೊಸ್ತಿಲನ್ನು ದಾಟಿಯೇ.

ಆದರೂ ಗೆಳೆಯರ ಮೊದಲ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿದೆ. ಅರವತ್ತು ಹುಡುಗಿಯರೆಂದರೆ ಮೂವತ್ತು ಜೋಡಿ. ಮೂರು ತಿಂಗಳಲ್ಲಿ ಇಪ್ಪತ್ತು ವರಸೆ ಬೇಡ, ನಾಲ್ಕು ಸಂದರ್ಭ ಸಾಕು: ಒಂದು ಕೈ ಹಿಡಿದಾಗ, ಎರಡೂ ಕೈ ಹಿಡಿದಾಗ, ಹಿಂದಿನಿಂದ ತಬ್ಬಿದಾಗ, ನೆಲಕ್ಕೆ ಕೆಡಹಿದಾಗ. ಮೊದಲ ವಾರ ಬೀಳುವುದನ್ನೂ ‘ಸಾಕು’ ಎಂದರೆ ಬಿಡುವುದನ್ನೂ ಕಟ್ಟುನಿಟ್ಟಾಗಿ ಹೇಳಿಕೊಡಬೇಕು. ಆಮೇಲೆ ಹಿಡಿಯುವವಳು ನಿಜವಾಗಿ ಹಿಡಿಯಬೇಕು. ಮೊದಲು ಕಾಲು ಬಲದಿಂದ, ನಂತರ ಅರ್ಧ ಬಲದಿಂದ, ಕೊನೆಗೆ ಪೂರ್ಣ ಬಲದಿಂದ. ವರಸೆಯನ್ನು ಕೊನೆಯಲ್ಲಿ ತೋರಿಸಬೇಕು, ಆರಂಭದಲ್ಲಲ್ಲ. ಆಗ ಅರ್ಧಕ್ಕರ್ಧ ಹುಡುಗಿಯರು “ಇದು ನನಗ ಸಿಕ್ಕಿತ್ರಿ ಸರ್” ಎಂದಾರು. ಸಿಗದವರು ಪಕ್ಕದವಳನ್ನು ಕೇಳಿ ತಿಳಿಯುತ್ತಾರೆ. ಕಟ್ಟೆಯ ಮೇಲೆ ನಾನು ಕಂಡಂತೆ, ಬಿಡಿಸಿಕೊಂಡವಳಷ್ಟೇ ಹಿಡಿದವಳೂ ಕಲಿಯುತ್ತಾಳೆ. ತನ್ನ ಹಿಡಿತ ಎಲ್ಲಿ ಸೋತಿತೆಂಬುದು ಮೊದಲು ಗೊತ್ತಾಗುವುದು ಅವಳ ಹೆಬ್ಬೆರಳಿಗೇ. ಕಲಿಸುವವರು ಮಹಿಳೆಯರೇ ಆಗಿದ್ದರೆ ಇನ್ನೂ ಒಳ್ಳೆಯದು, ಮೂರನೆಯ ನಾಲ್ಕನೆಯ ಸಂದರ್ಭಗಳಲ್ಲಂತೂ ಆಗಿರಲೇಬೇಕು.

ಮೆತ್ತನೆಯ ನೆಲ ಎಲ್ಲಿಂದ ತರುವುದೆಂದು ಗೆಳೆಯರು ಕೇಳಿದರು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಕುಸ್ತಿಗೆ ಊರಿಗೆ ಊರೇ ಸೇರುವ ನಮ್ಮ ವಿಜಯಪುರದಲ್ಲಿ ಮಣ್ಣಿನ ಹದ ಬಲ್ಲ ಹಳೆಯ ಪೈಲ್ವಾನರು ಇನ್ನೂ ಇದ್ದಾರೆ. ಅವರು ಸಿಗದಿದ್ದರೆ, ಉದ್ದ ಜಿಗಿತದ ಮರಳುಗುಂಡಿ ಎಷ್ಟೋ ಹೈಸ್ಕೂಲುಗಳ ಮೈದಾನದಲ್ಲಿ ಇದ್ದೇ ಇರುತ್ತದೆ. ಕ್ರೀಡಾಕೂಟದ ಒಂದು ವಾರ ಬಿಟ್ಟರೆ ವರ್ಷವೆಲ್ಲ ಅಲ್ಲಿ ಕರಿಕೆ ಬೆಳೆದು ನಾಯಿಗಳು ಮಲಗಿರುತ್ತವೆ. ಕಲ್ಲು ಗಾಜು ಆರಿಸಿ ಕೆದರಿದರೆ ಏಕಕಾಲಕ್ಕೆ ಎರಡು ಜೋಡಿ ಬೀಳುವಷ್ಟು ಜಾಗ. ಇಬ್ರಾಹಿಂಪುರದ ಆಸುಪಾಸಿನ ಯಾವ ಶಾಲೆಯವರಾದರೂ ಮನಸ್ಸು ಮಾಡಿದರೆ ಸಲಿಕೆ ನನ್ನ ಮನೆಯಲ್ಲಿದೆ, ಬೆಳಗಿನ ಹೊತ್ತು ಬಂದು ಕಲ್ಲು ಆರಿಸಲೂ ನಾನು ಸಿದ್ಧನಿದ್ದೇನೆ.